ತಯಾರಿಕೆ ನಿಂತರೂ ಹಾರಾಟ ನಿಲ್ಲದ ಎ380: ನಾಲ್ಕು ಎಂಜಿನ್‌ಗಳ ಲೆಕ್ಕಾಚಾರ

ಏರ್‌ಬಸ್ ಕಂಪನಿ ತನ್ನ ಎರಡು ಅಂತಸ್ತಿನ ಎ380 ವಿಮಾನಗಳಲ್ಲಿ ಕೊನೆಯದನ್ನು ದುಬೈನ ಎಮಿರೇಟ್ಸ್‌ಗೆ ಒಪ್ಪಿಸಿದ್ದು 2021ರ ಡಿಸೆಂಬರ್ 16ರಂದು. ಅಷ್ಟು ಹೊತ್ತಿಗೆ ಕೋವಿಡ್ ಹೊಡೆತಕ್ಕೆ ಏರ್ ಫ್ರಾನ್ಸ್ ತನ್ನ ಎ380ಗಳಿಗೆಲ್ಲ ಕಾಯಂ ವಿದಾಯ ಹೇಳಿಯಾಗಿತ್ತು. ಲುಫ್ತಾನ್ಸಾ ತನ್ನವನ್ನು ಸ್ಪೇನಿನ ತೆರುಯೆಲ್‌ನ ಒಣ ಬಯಲಿಗೆ ಕಳಿಸಿ, ಇವು ಇನ್ನು ಮರಳುವುದಿಲ್ಲ ಎಂದಿತ್ತು. ನಾಲ್ಕು ಎಂಜಿನ್‌ಗಳ ದೈತ್ಯ ವಿಮಾನಗಳ ಕಾಲ ಮುಗಿಯಿತು ಎಂಬ ಬರಹಗಳು ಎಲ್ಲೆಡೆ ಬಂದವು.

ಆಮೇಲಿನ ಸುದ್ದಿಗಳು ಇದಕ್ಕೆ ತದ್ವಿರುದ್ಧ. 2022ರ ಅಕ್ಟೋಬರ್‌ನಲ್ಲಿ ಎಮಿರೇಟ್ಸ್‌ನ ಎ380 ದುಬೈನಿಂದ ಬೆಂಗಳೂರಿಗೆ ನಿತ್ಯದ ಸೇವೆ ಆರಂಭಿಸಿತು. 2023ರಲ್ಲಿ ಲುಫ್ತಾನ್ಸಾ ತೀರ್ಮಾನ ಬದಲಿಸಿ ಮ್ಯೂನಿಕ್‌ನಿಂದ ಮತ್ತೆ ಹಾರಿಸಿತು. ಅದೇ ವರ್ಷ ಅಬುಧಾಬಿಯ ಎತಿಹಾದ್ ಕೂಡ ತನ್ನವನ್ನು ಹೊರತೆಗೆಯಿತು. ಎಮಿರೇಟ್ಸ್ ತನ್ನ ಹಳೆಯ ಎ380ಗಳ ಒಳಗನ್ನು ಪೂರ್ತಿ ಬಿಚ್ಚಿ ಹೊಸ ಸೀಟು ಕೂರಿಸುತ್ತಿದೆ. ಲಾಭವಿಲ್ಲವೆಂದು ತಯಾರಿಕೆ ನಿಲ್ಲಿಸಿದ ವಿಮಾನಕ್ಕೆ ಇಷ್ಟು ದುಡ್ಡು ಯಾಕೆ ಸುರಿಯುತ್ತಾರೆ ಎಂದು ಓದುಗರು ಕೇಳುವುದು ಸಹಜ.

ಹೊಸ ಎ380 ಕೊಳ್ಳಬೇಕೇ ಎಂಬ ಲೆಕ್ಕ ಬೇರೆ, ಮನೆಯಲ್ಲಿ ಈಗಾಗಲೇ ಇರುವ ಎ380 ಹಾರಿಸಬೇಕೇ ಎಂಬ ಲೆಕ್ಕ ಬೇರೆ. ಮೊದಲನೆಯದಕ್ಕೆ ‘ಬೇಡ’ ಎಂಬ ಉತ್ತರ, ತಯಾರಿಕೆ ನಿಲ್ಲಿಸುವ ತೀರ್ಮಾನವಾದ 2019ರಲ್ಲೂ ಸರಿಯಿತ್ತು, ಇವತ್ತಿಗೂ ಸರಿ. ಎರಡನೆಯದರ ಉತ್ತರ ಮಾತ್ರ ಕೆಲವು ಮಾರ್ಗಗಳಲ್ಲಿ ಬದಲಾಗಿದೆ. ಯಾಕೆಂದು ತಿಳಿಯಲು ಆ ಯಂತ್ರದ ಒಳಗೇ ಇಳಿಯಬೇಕು.

80 ಮೀಟರ್‌ನ ಚೌಕಟ್ಟು

ಎ380ರ ಉದ್ದ ಸುಮಾರು 72.7 ಮೀಟರ್, ಎತ್ತರ 24 ಮೀಟರ್. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 79.75 ಮೀಟರ್. ಈ ಕೊನೆಯ ಸಂಖ್ಯೆ ಆಕಸ್ಮಿಕವಲ್ಲ. ದೊಡ್ಡ ವಿಮಾನ ನಿಲ್ದಾಣಗಳು ಅತಿ ದೊಡ್ಡ ವಿಮಾನಕ್ಕೆಂದು ಒಪ್ಪಿದ್ದ ಜಾಗ 80 ಮೀಟರ್‌ನ ಚೌಕ. ಅದರೊಳಗೆ ಕೂರಲಿ ಎಂದೇ ರೆಕ್ಕೆಯನ್ನು ಅಲ್ಲಿಗೆ ನಿಲ್ಲಿಸಿದರು.

ಇದಕ್ಕೆ ತೆತ್ತ ಬೆಲೆ ದೊಡ್ಡದು. ಒಂದೇ ವಿಸ್ತೀರ್ಣದ ಎರಡು ರೆಕ್ಕೆಗಳಲ್ಲಿ ಉದ್ದವಾಗಿ ಸಪೂರವಾಗಿರುವುದು ಗಾಳಿಯನ್ನು ಕಡಿಮೆ ಶ್ರಮದಲ್ಲಿ ಸೀಳುತ್ತದೆ. ಎ380ರ ರೆಕ್ಕೆಯ ವಿಸ್ತೀರ್ಣ 845 ಚದರ ಮೀಟರ್. 575 ಟನ್ ತೂಕವನ್ನು ನೆಲದಿಂದ ಎತ್ತಲು ಅಷ್ಟು ಬೇಕು. ಅಷ್ಟು ವಿಸ್ತೀರ್ಣವನ್ನು 80 ಮೀಟರ್ ಒಳಗೇ ಹಿಡಿಸಬೇಕೆಂದರೆ ರೆಕ್ಕೆ ಅಗಲವಾಗಿ ಗಿಡ್ಡವಾಗಲೇಬೇಕು. ಹಾಗಾಗಿ ಹಾರಾಟದುದ್ದಕ್ಕೂ ಅದು ಎದುರಿಸುವ ಗಾಳಿಯ ಎಳೆತ, ಎರಡು ಎಂಜಿನ್‌ನ ಹೊಸ ವಿಮಾನಗಳಿಗಿಂತ ಹೆಚ್ಚು.

ಇನ್ನೊಂದು ಹೊರೆಯೂ ಅಲ್ಲೇ ಸೇರಿಕೊಂಡಿತು. ಏರ್‌ಬಸ್‌ನ ಯೋಜನೆಯಲ್ಲಿ ಇದಕ್ಕಿಂತ ಉದ್ದದ ಎ380-900 ಕೂಡ ಇತ್ತು. ಅದಕ್ಕೂ ಸಾಲುವಂತೆ ರೆಕ್ಕೆಯನ್ನು ಮೊದಲೇ ದೊಡ್ಡದಾಗಿ, ಗಟ್ಟಿಯಾಗಿ ಮಾಡಿದರು. ಮಗು ಬೆಳೆಯುತ್ತದೆ ಎಂದು ಎರಡು ಅಳತೆ ದೊಡ್ಡ ಅಂಗಿ ಹೊಲಿಸಿದ ಹಾಗೆ. ಆ ದೊಡ್ಡ ವಿಮಾನ ಬರಲೇ ಇಲ್ಲ. ಈಗ ಹಾರುತ್ತಿರುವ ಪ್ರತಿಯೊಂದು ಎ380 ಕೂಡ ತನಗೆ ಬೇಡದ ರೆಕ್ಕೆಯ ತೂಕವನ್ನು ಹೊತ್ತೇ ಹಾರುತ್ತಿದೆ. ಖಾಲಿ ವಿಮಾನದ ತೂಕವೇ ಸುಮಾರು 277 ಟನ್.

ಉಳಿದ ಅಳತೆಗಳನ್ನು ಬೇಗ ಹೇಳಿಬಿಡಬಹುದು. ಇಂಧನ ಟ್ಯಾಂಕಿಗೆ 3.2 ಲಕ್ಷ ಲೀಟರ್‌ಗೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಒಂದೇ ಹಾರಾಟದಲ್ಲಿ ಸುಮಾರು 15,000 ಕಿಲೋಮೀಟರ್ ಹೋಗಬಲ್ಲದು. ವೇಗ ಶಬ್ದದ ವೇಗದ ಶೇ 85ರಷ್ಟು. ಚಕ್ರಗಳು 22: ಮೂತಿಯ ಕೆಳಗೆ ಎರಡು, ರೆಕ್ಕೆಯ ಬುಡದ ಎರಡು ಕಾಲುಗಳಿಗೆ ನಾಲ್ಕು ನಾಲ್ಕು, ಹೊಟ್ಟೆಯ ಎರಡು ಕಾಲುಗಳಿಗೆ ಆರಾರು. ನೆಲ ಬಿಡುವಾಗ 575 ಟನ್ ಇರಬಹುದಾದ ವಿಮಾನ ಸಾಮಾನ್ಯವಾಗಿ ಇಳಿಯುವಾಗ ಸುಮಾರು 394 ಟನ್ ಮೀರುವಂತಿಲ್ಲ. ದೂರದ ಪ್ರಯಾಣಕ್ಕೆ ಹೊರಟ ಎ380 ಏನಾದರೂ ತೊಂದರೆಯಾಗಿ ಕೂಡಲೇ ಹಿಂತಿರುಗಬೇಕಾದರೆ ಇಂಧನವನ್ನು ಗಾಳಿಗೆ ಚೆಲ್ಲುತ್ತಾ ಸುತ್ತು ಹೊಡೆಯುವುದು ಈ ಕಾರಣಕ್ಕೆ.

ನಾಲ್ಕು ಎಂಜಿನ್ ಯಾಕೆ ಬೇಕಿತ್ತು, ಯಾಕೆ ಬೇಡವಾಯಿತು

ಹಿಂದೆ ಎರಡು ಎಂಜಿನ್‌ನ ವಿಮಾನಗಳು ಇಳಿಯಲು ಯೋಗ್ಯವಾದ ನಿಲ್ದಾಣದಿಂದ 60 ನಿಮಿಷಕ್ಕಿಂತ ದೂರ ಹೋಗುವಂತಿರಲಿಲ್ಲ. ಒಂದು ಎಂಜಿನ್ ನಿಂತರೆ ಉಳಿದ ಒಂದರಲ್ಲಿ ದಡ ಸೇರಬೇಕಲ್ಲ. ಸಾಗರಗಳನ್ನು ನೇರವಾಗಿ ದಾಟಲು ಮೂರೋ ನಾಲ್ಕೋ ಎಂಜಿನ್ ಬೇಕೇ ಬೇಕಿತ್ತು. 1985ರಲ್ಲಿ ಅಮೆರಿಕ ಈ ಮಿತಿಯನ್ನು 120 ನಿಮಿಷಕ್ಕೆ ಏರಿಸಿತು. ಕೆಲವೇ ವರ್ಷಗಳಲ್ಲಿ 180 ಆಯಿತು. ಜೆಟ್ ಎಂಜಿನ್‌ಗಳು ಅಷ್ಟು ನಂಬಿಕಸ್ಥವಾಗಿದ್ದವು. ಇವತ್ತು ಏರ್‌ಬಸ್‌ನದೇ ಎ350ಕ್ಕೆ 370 ನಿಮಿಷದವರೆಗೂ ಅನುಮತಿ ಇದೆ. ಅಂದರೆ ಭೂಮಿಯ ಮೇಲಿನ ಹೆಚ್ಚುಕಡಿಮೆ ಯಾವ ಮಾರ್ಗಕ್ಕೂ ನಾಲ್ಕು ಎಂಜಿನ್ ಕಡ್ಡಾಯವಲ್ಲ.

ಆದರೆ ಎ380ಕ್ಕೆ ನಾಲ್ಕು ಬೇಕಾದದ್ದು ಈ ನಿಯಮಕ್ಕಾಗಿ ಅಲ್ಲ, ತೂಕಕ್ಕಾಗಿ. ಅದರ ಎಂಜಿನ್ ಎರಡು ಬಗೆ: ರೋಲ್ಸ್ ರಾಯ್ಸ್‌ನ ಟ್ರೆಂಟ್ 900, ಇಲ್ಲವೇ ಜನರಲ್ ಎಲೆಕ್ಟ್ರಿಕ್ ಮತ್ತು ಪ್ರಾಟ್ ಅಂಡ್ ವಿಟ್ನಿ ಕೂಡಿ ಮಾಡಿದ ಜಿಪಿ7200. ಎರಡರದೂ ಒಂದೊಂದಕ್ಕೆ ಸುಮಾರು 70,000 ಪೌಂಡ್ ನೂಕುಬಲ. ನಾಲ್ಕು ಸೇರಿದರೆ 2.8 ಲಕ್ಷ. ಪಕ್ಕದಲ್ಲಿ ಬೋಯಿಂಗ್ 777-300ಇಆರ್ ಇಟ್ಟು ನೋಡಿ: ಎರಡೇ ಎಂಜಿನ್, ಒಂದೊಂದಕ್ಕೆ 1.15 ಲಕ್ಷ ಪೌಂಡ್, ಒಟ್ಟು 2.3 ಲಕ್ಷ. ವಿಮಾನದ ಗರಿಷ್ಠ ತೂಕ ಮಾತ್ರ 351 ಟನ್.

ಗಮನಿಸಿದರೆ, ತೂಕಕ್ಕೆ ಹೋಲಿಸಿದಾಗ ಎರಡು ಎಂಜಿನ್‌ನ ವಿಮಾನದಲ್ಲೇ ಶಕ್ತಿ ಹೆಚ್ಚು. ಕಾರಣ ಸುರಕ್ಷತೆಯ ನಿಯಮ. ನೆಲ ಬಿಡುವ ಹೊತ್ತಿಗೆ ಒಂದು ಎಂಜಿನ್ ಕೈಕೊಟ್ಟರೂ ವಿಮಾನ ಮೇಲೇರಲೇಬೇಕು. ಚಕ್ರ ಮಡಚಿದ ಮೇಲಿನ ಹಂತದಲ್ಲಿ ಎರಡು ಎಂಜಿನ್‌ನ ವಿಮಾನ ಪ್ರತಿ 100 ಮೀಟರ್ ಮುಂದೆ ಹೋದಾಗ ಕನಿಷ್ಠ 2.4 ಮೀಟರ್, ನಾಲ್ಕರದು 3 ಮೀಟರ್ ಏರಬೇಕು. ಎರಡರಲ್ಲಿ ಒಂದು ಹೋದರೆ ಅರ್ಧ ಶಕ್ತಿಯೇ ಹೋಯಿತು, ನಾಲ್ಕರಲ್ಲಿ ಒಂದು ಹೋದರೆ ಕಾಲು ಭಾಗ. ಹಾಗಾಗಿ ಎರಡು ಎಂಜಿನ್‌ನ ವಿಮಾನಕ್ಕೆ ಮೊದಲೇ ಧಾರಾಳ ಶಕ್ತಿ ಕೊಟ್ಟಿರಬೇಕು. ಎಲ್ಲ ಎಂಜಿನ್ ಸರಿಯಿರುವ ದಿನ ಅದು ಕಡಿದಾಗಿ ಮೇಲೇರುವುದೂ, ಎ380 ರನ್‌ವೇಯ ಬಹುಪಾಲು ಓಡಿ ನಿಧಾನವಾಗಿ ಏಳುವುದೂ ಇದರಿಂದಲೇ.

ಇಲ್ಲಿ ನಾಲ್ಕು ಎಂಜಿನ್‌ಗೆ ಲಾಭ ಇದ್ದಂತೆ ಕಾಣುತ್ತದೆ. ರಿಪೇರಿಯ ಖರ್ಚಿನಲ್ಲಿ ಆ ಲಾಭ ಕರಗುತ್ತದೆ. ಎಂಜಿನ್ ಚಿಕ್ಕದಾದ ಮಾತ್ರಕ್ಕೆ ಅದರ ಬಿಡಿಭಾಗಗಳ ಸಂಖ್ಯೆ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಪ್ರತಿಯೊಂದಕ್ಕೂ ಫ್ಯಾನ್, ಕಂಪ್ರೆಸರ್, ಟರ್ಬೈನ್, ಎಣ್ಣೆಯ ಪಂಪು, ಬೆಂಕಿ ಆರಿಸುವ ವ್ಯವಸ್ಥೆ ಬೇಕು. ಕ್ಯಾಮೆರಾ ತೂರಿಸಿ ಒಳಗಿನ ಬ್ಲೇಡ್ ನೋಡುವ ಕೆಲಸ ನಾಲ್ಕು ಸಲ, ಬಿಚ್ಚಿ ಕಟ್ಟುವ ದುಬಾರಿ ಓವರ್‌ಹಾಲ್ ನಾಲ್ಕು ಸಲ.

ಕಾಲವೂ ಎ380ರ ವಿರುದ್ಧವಿತ್ತು. ಅದು ಸಿಂಗಪುರ ಏರ್‌ಲೈನ್ಸ್‌ನಲ್ಲಿ ಸೇವೆಗಿಳಿದದ್ದು 2007ರ ಅಕ್ಟೋಬರ್ 25ರಂದು, ಸಿಂಗಪುರದಿಂದ ಸಿಡ್ನಿಗೆ. ಬೋಯಿಂಗ್ 787ಕ್ಕೆಂದು ಮುಂದಿನ ಪೀಳಿಗೆಯ, ಕಡಿಮೆ ಇಂಧನ ಕುಡಿಯುವ ಎಂಜಿನ್‌ಗಳು ಆಗಲೇ ತಯಾರಾಗುತ್ತಿದ್ದವು. ಎ380 ಹುಟ್ಟುವಾಗಲೇ ಒಂದು ತಲೆಮಾರು ಹಿಂದಿನ ಎಂಜಿನ್ ಕಟ್ಟಿಕೊಂಡು ಹುಟ್ಟಿತು.

ಒಂದಷ್ಟು ಸೆಂಟಿಮೀಟರ್ ತಂತಿ, ಎರಡು ವರ್ಷದ ವಿಳಂಬ

ಅದು ಇನ್ನೂ ಮುಂಚೆ ಬರಬೇಕಿತ್ತು. ತಡವಾದದ್ದಕ್ಕೆ ಕಾರಣ ತಂತಿ. ಒಂದು ಎ380ರೊಳಗೆ ಸುಮಾರು ಒಂದು ಲಕ್ಷ ತಂತಿಗಳಿವೆ, ಒಟ್ಟು ಉದ್ದ 500 ಕಿಲೋಮೀಟರ್‌ಗೂ ಹೆಚ್ಚು. ಇವುಗಳನ್ನು ಕಟ್ಟುಕಟ್ಟಾಗಿ ಹೆಣೆದು ಹ್ಯಾಂಬರ್ಗ್‌ನಿಂದ ಫ್ರಾನ್ಸಿನ ತುಲೂಸ್‌ಗೆ ತಂದು ಜೋಡಿಸುತ್ತಿದ್ದರು. ಜರ್ಮನಿ ಮತ್ತು ಸ್ಪೇನಿನ ಎಂಜಿನಿಯರ್‌ಗಳು ಬಳಸುತ್ತಿದ್ದ ವಿನ್ಯಾಸದ ಸಾಫ್ಟ್‌ವೇರ್ ಹಳೆಯ ಆವೃತ್ತಿ, ಫ್ರಾನ್ಸ್ ಮತ್ತು ಬ್ರಿಟನ್ನಿನವರದು ಹೊಸ ಆವೃತ್ತಿ. ಎರಡರ ಚಿತ್ರಗಳು ಒಂದಕ್ಕೊಂದು ಸರಿಯಾಗಿ ಹೊಂದಲಿಲ್ಲ. ತೂಕ ಉಳಿಸಲು ಹಲವೆಡೆ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಹಾಕಿದ್ದರು. ಅದು ತಾಮ್ರದಷ್ಟು ಬಿಗಿಯಾಗಿ ಬಾಗುವುದಿಲ್ಲ, ಮೂಲೆಯಲ್ಲಿ ದೊಡ್ಡ ತಿರುವು ಕೇಳುತ್ತದೆ. ಪ್ರತಿ ತಿರುವಿನಲ್ಲೂ ಸ್ವಲ್ಪ ಸ್ವಲ್ಪ ಹೆಚ್ಚು ಉದ್ದ ಬೇಕಾಗಿ, ಕೊನೆಗೆ ಕಟ್ಟು ತನ್ನ ಸಾಕೆಟ್ ತಲುಪುವ ಮೊದಲೇ ಮುಗಿದುಹೋಗುತ್ತಿತ್ತು. ಆರಂಭದ ವಿಮಾನಗಳಿಗೆ ಕೈಯಲ್ಲೇ ತಂತಿ ಎಳೆದು ಸರಿಪಡಿಸಬೇಕಾಯಿತು. ಯೋಜನೆ ಸುಮಾರು ಎರಡು ವರ್ಷ ಹಿಂದೆ ಬಿತ್ತು.

ಆ ಎರಡು ವರ್ಷದಲ್ಲಿ ಸರಕು ಸಾಗಣೆಯ ಎ380ಕ್ಕೆ ಆರ್ಡರ್ ಕೊಟ್ಟಿದ್ದ ಫೆಡೆಕ್ಸ್ ಮತ್ತು ಯುಪಿಎಸ್ ಹಿಂದೆ ಸರಿದವು. ಸರಕು ವಿಮಾನದ ಯೋಜನೆಯೇ ನಿಂತಿತು. ಬೋಯಿಂಗ್‌ನ 747 ಹಳೆಯದಾದರೂ ದಶಕಗಳ ಕಾಲ ಬದುಕಿದ್ದರಲ್ಲಿ ಸರಕು ಸಾಗಣೆಯ ಪಾಲು ದೊಡ್ಡದು. 2023ರ ಜನವರಿಯಲ್ಲಿ ಕೊಟ್ಟ ಕಟ್ಟಕಡೆಯ 747 ಕೂಡ ಸರಕಿನದೇ. ಎ380ಕ್ಕೆ ಆ ಎರಡನೇ ಬದುಕಿನ ದಾರಿ ಅಲ್ಲೇ ಮುಚ್ಚಿಹೋಯಿತು.

ಸೀಟಿನ ಲೆಕ್ಕ

ವಿಮಾನದ ಲಾಭನಷ್ಟ ತಿಳಿಯಲು ಗಂಟೆಗೆ ಒಂದು ಸೀಟಿಗೆ ಎಷ್ಟು ಇಂಧನ ಎಂದು ನೋಡುವುದು ಒಳ್ಳೆಯ ಮೊದಲ ಹೆಜ್ಜೆ. ದೂರದ ಹಾರಾಟದಲ್ಲಿ ಎ380 ಗಂಟೆಗೆ ಸರಾಸರಿ 11ರಿಂದ 12 ಟನ್ ಇಂಧನ ಸುಡುತ್ತದೆ, 777-300ಇಆರ್ ಏಳೂವರೆಯಿಂದ ಎಂಟು ಟನ್. ದಾರಿ, ತೂಕ, ಗಾಳಿಗೆ ತಕ್ಕಂತೆ ಇವು ಏರಿಳಿಯುತ್ತವೆ, ಅಂದಾಜಿಗೆ ಸಾಕು. ಎ380ರಲ್ಲಿ 500 ಸೀಟು ಇದ್ದರೆ ಗಂಟೆಗೆ ಸೀಟಿಗೆ 23 ಕಿಲೋ. 777ರಲ್ಲಿ 355 ಸೀಟು ಇದ್ದರೆ ಸುಮಾರು 22 ಕಿಲೋ. ಹೆಚ್ಚುಕಡಿಮೆ ಸಮ. ಎಮಿರೇಟ್ಸ್‌ನ ಎರಡೇ ದರ್ಜೆಯ, 615 ಸೀಟಿನ ಎ380ರಲ್ಲಿ ಇದು 19 ಕಿಲೋಗೆ ಇಳಿಯುತ್ತದೆ.

ಎಲ್ಲ ಸೀಟು ತುಂಬಿದರೆ ಈ ಮಾತು. 500ರಲ್ಲಿ 300 ಮಾತ್ರ ತುಂಬಿದ ದಿನ ಏನಾಗುತ್ತದೆ? ಬಾರದ 200 ಜನ ಮತ್ತು ಅವರ ಲಗೇಜು ಸೇರಿ ಸುಮಾರು 20 ಟನ್. 500 ಟನ್‌ನ ವಿಮಾನಕ್ಕೆ ಅದು ಶೇ 4. ಇಂಧನದ ಉಳಿತಾಯವೂ ಹೆಚ್ಚುಕಡಿಮೆ ಅಷ್ಟೇ. ಗಂಟೆಗೆ ಹನ್ನೊಂದು ಟನ್ ಸುಡುವುದು ತಪ್ಪುವುದಿಲ್ಲ, ಹಂಚಿಕೊಳ್ಳುವವರು 300 ಜನ ಮಾತ್ರ. ತಲೆಗೆ 37 ಕಿಲೋ ಬಿತ್ತು. ಸಣ್ಣ ವಿಮಾನವಿದ್ದ ಕಂಪನಿ ಮಂದ ಋತುವಿನಲ್ಲಿ ದಿನಕ್ಕೆ ಎರಡರ ಬದಲು ಒಂದು ಹಾರಾಟ ನಡೆಸಿ ಸರಿದೂಗಿಸುತ್ತದೆ. ಎ380 ಇಟ್ಟುಕೊಂಡವರಿಗೆ ಆ ಸೌಲಭ್ಯವಿಲ್ಲ.

ಸರಕಿನಲ್ಲೂ ಹೊಡೆತವೇ. ಎರಡು ಅಂತಸ್ತಿನ ಜನರ ಲಗೇಜು ಒಂದೇ ಹೊಟ್ಟೆಗೆ ಇಳಿಯಬೇಕು. ಎ380ರ ಹೊಟ್ಟೆಯಲ್ಲಿ ಪ್ರಮಾಣಿತ ಅಳತೆಯ 38 ಕಂಟೇನರ್‌ಗಳಿಗೆ ಜಾಗ, ಅದಕ್ಕಿಂತ ಎಷ್ಟೋ ಸಣ್ಣದಾದ 777-300ಇಆರ್‌ನಲ್ಲಿ 44ಕ್ಕೆ. ಪ್ರಯಾಣಿಕರ ಲಗೇಜು ತುಂಬಿದ ಮೇಲೆ ಮಾರಲು ಎಷ್ಟು ಜಾಗ ಉಳಿಯುತ್ತದೆ ಎಂದು ಯೋಚಿಸಿ. ಹೂವು, ಔಷಧಿ, ಮೊಬೈಲ್ ಬಿಡಿಭಾಗಗಳ ಸಾಗಣೆಯಿಂದ ಬರುವ ಆದಾಯ ಹಲವು ಮಾರ್ಗಗಳಲ್ಲಿ ಲಾಭನಷ್ಟದ ಗಡಿಯನ್ನೇ ನಿರ್ಧರಿಸುತ್ತದೆ.

ಎರಡು ವಾದ

ಏರ್‌ಬಸ್ 2000ದಲ್ಲಿ ಈ ಯೋಜನೆಗೆ ಕೈ ಹಾಕುವಾಗ ಅದರ ವಾದ ಹೀಗಿತ್ತು: ಪ್ರಯಾಣಿಕರು ಹೆಚ್ಚುತ್ತಾರೆ, ದೊಡ್ಡ ನಗರಗಳಲ್ಲಿ ಹೊಸ ರನ್‌ವೇಗೆ ಜಾಗವಿಲ್ಲ, ಆದ್ದರಿಂದ ಒಂದೊಂದು ವಿಮಾನದಲ್ಲೂ ಹೆಚ್ಚು ಜನ ಕೂರಬೇಕು. ಬೋಯಿಂಗ್‌ನ ವಾದ ಬೇರೆ: ಜನರಿಗೆ ನಡುವೆ ಇಳಿದು ಹತ್ತುವುದು ಬೇಡ, ಊರಿಂದ ಊರಿಗೆ ನೇರ ಹೋಗಬೇಕು, ಅದಕ್ಕೆ ಮಧ್ಯಮ ಗಾತ್ರದ, ದೂರ ಹಾರುವ ವಿಮಾನ ಸಾಕು.

ಮಾರಾಟದ ಅಂಕಿ ಬೋಯಿಂಗ್ ಕಡೆ ವಾಲಿತು. ಸಾವಿರಕ್ಕೂ ಹೆಚ್ಚು ದೈತ್ಯ ವಿಮಾನಗಳ ಮಾರುಕಟ್ಟೆ ಇದೆ ಎಂದು ಹೊರಟ ಏರ್‌ಬಸ್ ಕೊಟ್ಟದ್ದು 251 ಎ380. ಅದರಲ್ಲೂ 123 ಎಮಿರೇಟ್ಸ್ ಒಂದಕ್ಕೇ. 2017ರಲ್ಲಿ ರೆಕ್ಕೆಯ ತುದಿಗೆ ದೊಡ್ಡ ಮಡಿಕೆ ಸೇರಿಸಿ, ಶೇ 4ರಷ್ಟು ಇಂಧನ ಉಳಿಸುವ ಎ380ಪ್ಲಸ್ ಎಂಬ ಪ್ರಸ್ತಾಪ ಮುಂದಿಟ್ಟರು. ಯಾರೂ ಕೊಳ್ಳಲಿಲ್ಲ. ಹೊಸ ಎಂಜಿನ್ ಹಾಕಿ ಎಂದು ಎಮಿರೇಟ್ಸ್ ಪದೇ ಪದೇ ಕೇಳಿತು. ಆದರೆ ಹೆಚ್ಚುಕಡಿಮೆ ಒಬ್ಬನೇ ಗಿರಾಕಿಗಾಗಿ ಹೊಸ ಎಂಜಿನ್ ಬೆಳೆಸುವ ಖರ್ಚು ಹೊರಲು ಯಾರೂ ಮುಂದಾಗಲಿಲ್ಲ. 2019ರ ಫೆಬ್ರುವರಿಯಲ್ಲಿ ಎಮಿರೇಟ್ಸ್ ತನ್ನ ಆರ್ಡರ್‌ನಲ್ಲಿ 39 ಎ380 ಕಡಿತ ಮಾಡಿ ಸಣ್ಣ ವಿಮಾನಗಳತ್ತ ಹೊರಳಿದಾಗ ಏರ್‌ಬಸ್ ತಯಾರಿಕೆಗೆ ತೆರೆ ಎಳೆಯಿತು.

ಹಾಗೆಂದು ಏರ್‌ಬಸ್‌ನ ವಾದ ಪೂರ್ತಿ ಸುಳ್ಳಾಗಿರಲಿಲ್ಲ. ಲಂಡನ್ನಿನ ಹೀತ್ರೂ ನಿಲ್ದಾಣ ಎರಡು ರನ್‌ವೇಗಳಲ್ಲಿ ವರ್ಷಕ್ಕೆ 4.8 ಲಕ್ಷ ಹಾರಾಟಗಳ ಕಾನೂನು ಮಿತಿಗೆ ಸಿಕ್ಕಿಕೊಂಡಿದೆ. ಅಲ್ಲಿ ಇಳಿಯಲು ಸಿಗುವ ಒಂದು ನಿಗದಿತ ಸಮಯ, ಅಂದರೆ ಸ್ಲಾಟ್, ಚಿನ್ನದ ಬೆಲೆಯದು. ಅದನ್ನು 250 ಜನರಿಗೆ ಬಳಸುವುದಕ್ಕಿಂತ 500 ಜನರಿಗೆ ಬಳಸುವುದು ಮೇಲು. ದುಬೈ, ಸಿಂಗಪುರದಂಥ ಸಂಧಿ ನಿಲ್ದಾಣಗಳಿಂದ ಲಂಡನ್, ಸಿಡ್ನಿಯಂಥ ಊರುಗಳಿಗೆ ವರ್ಷವಿಡೀ ಸೀಟು ತುಂಬುತ್ತದೆ. ಜಪಾನಿನ ಎಎನ್‌ಎ ಬಳಿ ಇರುವುದು ಮೂರೇ ಎ380. ಅವನ್ನು ಟೋಕಿಯೊದ ನರಿಟಾದಿಂದ ಹೊನಲುಲುಗೆ, ರಜೆಗೆ ಹೋಗುವವರಿಗೆಂದೇ ಮೀಸಲಿಟ್ಟಿದೆ. ಇಂಥ ಮಾರ್ಗಗಳು ಇವೆ. 1,200 ವಿಮಾನ ಮಾರುವಷ್ಟು ಇಲ್ಲ, ಇನ್ನೂರಕ್ಕೆ ಸಾಲುವಷ್ಟಿವೆ ಎಂಬುದೇ ನನ್ನ ತೀರ್ಮಾನ.

ಬಯಲಿನಿಂದ ಮರಳಿದ್ದು ಹೇಗೆ

2022ರ ನಂತರ ಪ್ರಯಾಣಿಕರು ಎಣಿಸಿದ್ದಕ್ಕಿಂತ ಬೇಗ ಮರಳಿದರು. ಹೊಸ ವಿಮಾನಗಳು ಬರಲಿಲ್ಲ. 787ರ ಜೋಡಣೆಯಲ್ಲಿ ಸಿಕ್ಕ ದೋಷಗಳಿಂದ ಬೋಯಿಂಗ್ ಅದರ ವಿತರಣೆಯನ್ನು ತಿಂಗಳುಗಟ್ಟಲೆ ನಿಲ್ಲಿಸಿತ್ತು. ಎ380ರ ಜಾಗ ತುಂಬಬೇಕಿದ್ದ ಬೋಯಿಂಗ್‌ನ ಹೊಸ 777-9 ಮೂಲ ಯೋಜನೆಯಂತೆ 2020ರಲ್ಲೇ ಬರಬೇಕಿತ್ತು, ಅದೀಗ 2027ಕ್ಕೆ ಹೋಗಿದೆ.

ಇನ್ನು ಬಂಡವಾಳದ ಲೆಕ್ಕ. ಹೊಸ ವಿಮಾನ ಕೊಂಡರೆ ತಿಂಗಳು ತಿಂಗಳು ಸಾಲದ ಕಂತೋ ಬಾಡಿಗೆಯೋ ಕಟ್ಟಬೇಕು. ಹಳೆಯ ಎ380ಕ್ಕೆ ಮರುಮಾರಾಟದ ಬೆಲೆಯೇ ಇಲ್ಲದಂತಾಗಿತ್ತು. ಸಿಂಗಪುರ ಏರ್‌ಲೈನ್ಸ್ ಬಾಡಿಗೆ ಮುಗಿಸಿ ಹಿಂದಿರುಗಿಸಿದ ವಿಮಾನಗಳಲ್ಲಿ ಎರಡನ್ನು ಕೊಳ್ಳುವವರಿಲ್ಲದೆ ಫ್ರಾನ್ಸಿನ ತಾರ್ಬ್‌ನಲ್ಲಿ ಬಿಚ್ಚಿ ಬಿಡಿಭಾಗವಾಗಿ ಮಾರಿದರು. ಆಗ ಅವಕ್ಕೆ ಹತ್ತೇ ವರ್ಷ ವಯಸ್ಸು. ಮಾರಿದರೆ ಏನೂ ಬಾರದ ವಿಮಾನವನ್ನು ಇಟ್ಟುಕೊಂಡವರಿಗೆ ಬಂಡವಾಳದ ಹೊರೆ ಬಹಳ ಕಡಿಮೆ. ಹೆಚ್ಚು ಇಂಧನ ಕುಡಿದರೂ, ಟಿಕೆಟ್ ದರ ಏರಿರುವಾಗ, ಸೀಟು ತುಂಬುವ ಮಾರ್ಗದಲ್ಲಿ ಅದು ಹಣ ತರುತ್ತದೆ.

ಆದರೆ ಬಯಲಿನಲ್ಲಿ ನಿಂತ ವಿಮಾನವನ್ನು ಕೀಲಿ ತಿರುಗಿಸಿ ಹೊರಡಿಸಲಾಗುವುದಿಲ್ಲ. ನಿಲ್ಲಿಸಿದ್ದಾಗಲೂ ಕೆಲಸ ನಡೆಯುತ್ತಲೇ ಇರಬೇಕು. ಎಂಜಿನ್ ಬಾಯಿ ಮುಚ್ಚಿ, ತೇವ ಹೀರುವ ಚೀಲಗಳನ್ನು ಇಡುತ್ತಾರೆ. ಟೈರು ಒಂದೇ ಕಡೆ ಚಪ್ಪಟೆಯಾಗದಂತೆ ಆಗಾಗ ಚಕ್ರ ತಿರುಗಿಸುತ್ತಾರೆ. ಇಂಧನ ಟ್ಯಾಂಕಿನ ತಳದಲ್ಲಿ ನೀರು ಸೇರಿದರೆ ಸೂಕ್ಷ್ಮಜೀವಿಗಳು ಬೆಳೆದು ಲೋಳೆಗಟ್ಟಿ ಫಿಲ್ಟರ್ ಕಟ್ಟುತ್ತವೆ. ಅದಕ್ಕೆ ನೀರು ಬಸಿದು, ಜೀವಿನಾಶಕ ಬೆರೆಸುತ್ತಾರೆ. ವೇಗ ಅಳೆಯುವ ಪಿಟೋ ಕೊಳವೆಗಳಿಗೆ ಮುಸುಕು ಹಾಕುತ್ತಾರೆ. ಇಲ್ಲದಿದ್ದರೆ ಕಣಜ ಒಳಗೆ ಗೂಡು ಕಟ್ಟಿ, ಪೈಲಟ್‌ಗೆ ತಪ್ಪು ವೇಗ ತೋರಿಸಬಹುದು.

ಮತ್ತೆ ಹಾರಿಸುವಾಗ ಪಟ್ಟಿ ಇನ್ನೂ ಉದ್ದ. ಕಾಲು, ರೆಕ್ಕೆಯ ಪಟಲಗಳನ್ನು ಒತ್ತಡದಿಂದ ಆಡಿಸುವ ಹೈಡ್ರಾಲಿಕ್ ಎಣ್ಣೆ ಒಣಗಿದ ರಬ್ಬರ್ ಸೀಲುಗಳಿಂದ ಜಿನುಗುತ್ತದೆ. ಎ380ರ ಹೈಡ್ರಾಲಿಕ್ ಒತ್ತಡ ಚದರ ಇಂಚಿಗೆ 5,000 ಪೌಂಡ್, ಹಳೆಯ ವಿಮಾನಗಳದು 3,000. ಆದ್ದರಿಂದ ಸಣ್ಣ ಸೋರಿಕೆಯನ್ನೂ ಕಡೆಗಣಿಸುವಂತಿಲ್ಲ. ಇಡೀ ವಿಮಾನವನ್ನು ಜಾಕ್ ಮೇಲೆ ಎತ್ತಿ ಕಾಲುಗಳನ್ನು ಮಡಚಿ ಬಿಚ್ಚಿ ನೋಡಬೇಕು. 24 ಮೀಟರ್ ಎತ್ತರದ ಬಾಲ ಹಿಡಿಸುವ ಹ್ಯಾಂಗರ್ ಇರುವ ಊರುಗಳು ಜಗತ್ತಿನಲ್ಲಿ ಕೆಲವೇ. 22 ಚಕ್ರ, 16 ಬ್ರೇಕು, 16 ಬಾಗಿಲುಗಳ ತುರ್ತು ಜಾರುಬಂಡೆ, ಆಮ್ಲಜನಕದ ಸಿಲಿಂಡರ್, ಬ್ಯಾಟರಿ ಎಲ್ಲವಕ್ಕೂ ಅವಧಿ ಮುಗಿದಿರುತ್ತದೆ. ಇಷ್ಟು ಮುಗಿಸಿ ಪರೀಕ್ಷಾ ಹಾರಾಟ ಮಾಡಿದ ಮೇಲೆಯೇ ಪ್ರಯಾಣಿಕರ ಮಾತು.

ಎಲ್ಲಕ್ಕಿಂತ ದೊಡ್ಡ ತಿರುವು 12 ವರ್ಷಕ್ಕೊಮ್ಮೆ ಬರುವ ಭಾರೀ ತಪಾಸಣೆ. ಒಳಗಿನದನ್ನೆಲ್ಲ ಕಿತ್ತು ಅಸ್ಥಿಪಂಜರ ನೋಡುವ ಕೆಲಸ ಅದು. ಹಲವು ವಿಮಾನಗಳಲ್ಲಿ ಬಾಡಿಗೆಯ ಅವಧಿ ಮುಗಿಯುವುದು, ಈ ತಪಾಸಣೆ ಹತ್ತಿರವಾಗುವುದು, ಕೋವಿಡ್ ಮೂರೂ ಒಟ್ಟಿಗೆ ಬಂದವು. ಏರ್ ಫ್ರಾನ್ಸ್‌ನ ಎ380ಗಳಿಗೆ ಆಗ ಹತ್ತರ ಆಸುಪಾಸಿನ ವಯಸ್ಸು, ಕೈಬಿಟ್ಟಿತು. ಅದೇ ತಪಾಸಣೆಗೆ ಒಮ್ಮೆ ಖರ್ಚು ಮಾಡಿದವರು ಮುಂದಿನ ಹಲವು ವರ್ಷ ಹಾರಿಸಿಯೇ ಆ ಹಣ ವಸೂಲಿ ಮಾಡಬೇಕು. ಹೊಸ ಸೀಟು ಹಾಕುವ ಸುದ್ದಿ ಬಂದಾಗ ಅದನ್ನು ಹೀಗೆ ಓದಿ: ಈ ವಿಮಾನವನ್ನು ಇನ್ನೂ ಬಹುಕಾಲ ಇಟ್ಟುಕೊಳ್ಳುವ ತೀರ್ಮಾನ ಆಗಿದೆ.

ಎಲ್ಲಿ ಕೆಟ್ಟಿತು, ಹೇಗೆ ಬದುಕಿತು

ಎ380 ಅಪಘಾತದಲ್ಲಿ ಇದುವರೆಗೆ ಒಬ್ಬ ಪ್ರಯಾಣಿಕರೂ ಸತ್ತಿಲ್ಲ. ಆದರೆ ಎರಡು ಘಟನೆಗಳನ್ನು ಬಲ್ಲವರು ಮರೆಯುವುದಿಲ್ಲ.

2010ರ ನವೆಂಬರ್ 4. ಸಿಂಗಪುರದಿಂದ ಸಿಡ್ನಿಗೆ ಹೊರಟ, ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ 32ನೇ ಸಂಖ್ಯೆಯ ಹಾರಾಟದಲ್ಲಿ 469 ಜನ. ಟ್ರೆಂಟ್ 900 ಎಂಜಿನ್ನಿನೊಳಗೆ ಎಣ್ಣೆ ಸಾಗಿಸುವ ಒಂದು ಗಿಡ್ಡ ಕೊಳವೆಯ ತೂತನ್ನು ಕಾರ್ಖಾನೆಯಲ್ಲಿ ನಡುಮಧ್ಯಕ್ಕೆ ಕೊರೆದಿರಲಿಲ್ಲ. ಒಂದು ಬದಿಯ ಗೋಡೆ ತೆಳುವಾಗಿತ್ತು. ಅಲ್ಲಿ ಬಿರುಕು ಬಿಟ್ಟು, ಎಣ್ಣೆ ಚಿಮ್ಮಿ ಬೆಂಕಿ ಹತ್ತಿ, ಟರ್ಬೈನ್ ಡಿಸ್ಕ್ ಸಿಡಿದು ರೆಕ್ಕೆಯನ್ನು ತೂರಿ ಹೋಯಿತು. ತಂತಿಗಳು ಕತ್ತರಿಸಿದವು, ಇಂಧನ ಸೋರಿತು. ವಿಮಾನ ಸುರಕ್ಷಿತವಾಗಿ ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ ಇಳಿದ ಮೇಲೂ ಪಕ್ಕದ ಒಂದು ಎಂಜಿನ್ ಆರಿಸಲಾಗಲಿಲ್ಲ, ಅದಕ್ಕೆ ಹೋಗುವ ತಂತಿಯೂ ಹರಿದಿತ್ತು. ಅಗ್ನಿಶಾಮಕರು ಸುಮಾರು ಮೂರು ಗಂಟೆ ನೀರು ನೊರೆ ಸುರಿದು ನಿಲ್ಲಿಸಿದರು. ಎರಡನೆಯದು 2017ರ ಸೆಪ್ಟೆಂಬರ್ 30ರದು. ಪ್ಯಾರಿಸ್‌ನಿಂದ ಲಾಸ್ ಏಂಜಲಿಸ್‌ಗೆ ಹೋಗುತ್ತಿದ್ದ ಏರ್ ಫ್ರಾನ್ಸ್ ವಿಮಾನದ ಜಿಪಿ7200 ಎಂಜಿನ್ನಿನ ಫ್ಯಾನ್ ಗುಂಬವೇ ಒಡೆದು ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಬಿತ್ತು. 2019ರಲ್ಲಿ ಹಿಮ ಅಗೆದು ತುಂಡು ತೆಗೆದ ಮೇಲೆ ಟೈಟಾನಿಯಂ ಒಳಗೇ ದಣಿವಿನ ಬಿರುಕು ಹುಟ್ಟಿದ್ದು ಗೊತ್ತಾಯಿತು.

ನಾಲ್ಕು ಎಂಜಿನ್ ಇದ್ದದ್ದಕ್ಕೇ ಬದುಕಿದರು ಎಂಬ ಮಾತು ಈ ಘಟನೆಗಳ ನಂತರ ಹರಿದಾಡಿತು. ಅರ್ಧ ನಿಜ. ಎಂಜಿನ್ ಹೆಚ್ಚಾದಷ್ಟೂ ಅವುಗಳಲ್ಲಿ ಒಂದು ಕೆಡುವ ಸಾಧ್ಯತೆಯೂ ಹೆಚ್ಚು. ಕ್ವಾಂಟಾಸ್ ವಿಮಾನವನ್ನು ಉಳಿಸಿದ್ದರಲ್ಲಿ ಎಂಜಿನ್ ಸಂಖ್ಯೆಯಷ್ಟೇ ಪಾಲು ಅದರ ನಿಯಂತ್ರಣ ವ್ಯವಸ್ಥೆಯದು: ಎರಡು ಹೈಡ್ರಾಲಿಕ್ ಜಾಲ, ಅವು ಹೋದರೂ ರೆಕ್ಕೆಯ ಪಟಲಗಳನ್ನು ಆಡಿಸುವ ಎರಡು ವಿದ್ಯುತ್ ಜಾಲ. ಇನ್ನು ಸಿಬ್ಬಂದಿಯ ಕೈಚಳಕ ಹೇಳಲೇಬೇಕು.

ಆ ವಿಮಾನದ ರಿಪೇರಿಯ ಹೊತ್ತಿನಲ್ಲೇ ಇನ್ನೊಂದು ದೋಷ ಸಿಕ್ಕಿತು. ರೆಕ್ಕೆಯ ಪಕ್ಕೆಲುಬುಗಳನ್ನು ಹೊರಚರ್ಮಕ್ಕೆ ಹಿಡಿದಿಡುವ ಎಲ್ ಆಕಾರದ ಲೋಹದ ತುಂಡುಗಳಲ್ಲಿ ಕೂದಲೆಳೆಯ ಬಿರುಕು. ಹಗುರವೆಂದು ಆಯ್ದ ಅಲ್ಯೂಮಿನಿಯಂ ಮಿಶ್ರಲೋಹ ಜೋಡಿಸುವಾಗಿನ ಬಿಗಿತ ತಾಳಿರಲಿಲ್ಲ. ಹಾರುತ್ತಿದ್ದ ಎಲ್ಲ ಎ380ಗಳನ್ನೂ ಪರೀಕ್ಷಿಸಿ, ತುಂಡುಗಳನ್ನು ಬೇರೆ ಲೋಹದಲ್ಲಿ ಮಾಡಿ ಬದಲಿಸಬೇಕಾಯಿತು. ವಯಸ್ಸಾದಂತೆ ಇಂಥ ತಪಾಸಣೆಗಳು ಹೆಚ್ಚುತ್ತವೆ.

ಬೆಂಗಳೂರಿನ ಮಟ್ಟಿಗೆ

ಬೆಂಗಳೂರಿಗೆ ಎ380ರ ನಂಟು 2005ರಷ್ಟು ಹಳೆಯದು. ಆ ವರ್ಷ ಕಿಂಗ್‌ಫಿಶರ್ ಏರ್‌ಲೈನ್ಸ್ ಐದು ಎ380ಕ್ಕೆ ಆರ್ಡರ್ ಕೊಟ್ಟಿತ್ತು. ಕಂಪನಿಯೇ ಉಳಿಯಲಿಲ್ಲ, ವಿಮಾನ ಬರಲಿಲ್ಲ. ವಿದೇಶಿ ಕಂಪನಿಗಳು ದೇಶದ ಪ್ರಯಾಣಿಕರನ್ನು ಸೆಳೆದುಕೊಳ್ಳುತ್ತವೆಂಬ ಆತಂಕದಿಂದ ಭಾರತ 2014ರವರೆಗೂ ಎ380 ಸೇವೆಗೆ ಅನುಮತಿ ಕೊಟ್ಟಿರಲಿಲ್ಲ. ಕೊಟ್ಟಾಗಲೂ ದೆಹಲಿ, ಮುಂಬೈ, ಹೈದರಾಬಾದ್, ಬೆಂಗಳೂರು ಈ ನಾಲ್ಕಕ್ಕೇ.

ನಾಲ್ಕೇ ನಿಲ್ದಾಣಗಳಿಗೆ ಸೀಮಿತವಾದ ಕಾರಣ ಅರ್ಥವಾಗುವಂಥದ್ದು. ಸಾಮಾನ್ಯ ದೊಡ್ಡ ರನ್‌ವೇ 45 ಮೀಟರ್ ಅಗಲ. ನಡುಗೆರೆಯಿಂದ ಅಂಚಿಗೆ 22.5 ಮೀಟರ್. ಎ380ರ ಹೊರಗಿನ ಎಂಜಿನ್ ವಿಮಾನದ ನಡುವಿನಿಂದ 25 ಮೀಟರ್‌ಗೂ ದೂರದಲ್ಲಿದೆ. ಅಂದರೆ ಅದು ರನ್‌ವೇಯಾಚೆಗೆ ಚಾಚಿಕೊಂಡಿರುತ್ತದೆ. ಅಲ್ಲಿ ಹುಲ್ಲು, ಕಲ್ಲು, ಧೂಳಿದ್ದರೆ ಎಂಜಿನ್ ಒಳಗೆ. ಅಂಚಿನ ಭುಜಗಳನ್ನು ಗಟ್ಟಿ ಡಾಂಬರು ಹಾಕಿ ಅಗಲಿಸಬೇಕಾದದ್ದು ಇದಕ್ಕೆ. ಇಳಿದ ಮೇಲೆ ವೇಗ ತಗ್ಗಿಸುವ ಹಿಮ್ಮುಖ ನೂಕುಬಲ ಒಳಗಿನ ಎರಡು ಎಂಜಿನ್‌ಗಳಿಗೆ ಮಾತ್ರ ಇರುವುದಕ್ಕೂ ಇದೊಂದು ಕಾರಣ. ಮೇಲಂತಸ್ತಿನ ಬಾಗಿಲು ನೆಲದಿಂದ ಸುಮಾರು 8 ಮೀಟರ್ ಎತ್ತರ. ಅದಕ್ಕೆ ತಲುಪುವ ಏರೋಬ್ರಿಡ್ಜ್, ಊಟ ಏರಿಸುವ ಎತ್ತರದ ಲಾರಿ ಬೇಕು. ಇಳಿಯುವಾಗ ಅದು ಹಿಂದೆ ಬಿಡುವ ಗಾಳಿಯ ಸುಳಿಯೂ ಜೋರು. ಬೇರೆ ಭಾರೀ ವಿಮಾನದ ಹಿಂದೆ 5 ನಾಟಿಕಲ್ ಮೈಲಿ ಬಿಡಬೇಕಾದ ಏರ್‌ಬಸ್‌ನ ಸಣ್ಣ ವಿಮಾನ ಎ320, ಎ380ರ ಹಿಂದೆ 7 ಬಿಡಬೇಕು. 2017ರ ಜನವರಿಯಲ್ಲಿ ಅರಬ್ಬೀ ಸಮುದ್ರದ ಮೇಲೆ, ಎ380ಕ್ಕಿಂತ ಸಾವಿರ ಅಡಿ ಕೆಳಗೆ ಹಾದುಹೋದ ಸಣ್ಣ ಬಿಸಿನೆಸ್ ಜೆಟ್ ಒಂದು ಈ ಸುಳಿಗೆ ಸಿಕ್ಕಿ ಮಗುಚಿ ಮಗುಚಿ ಬಿದ್ದು, ಹೇಗೋ ಸಾವರಿಸಿಕೊಂಡು ಮಸ್ಕತ್‌ನಲ್ಲಿ ಇಳಿಯಿತು. ಆ ಜೆಟ್ ಮತ್ತೆ ಹಾರುವ ಸ್ಥಿತಿಯಲ್ಲಿರಲಿಲ್ಲ.

ಓದುಗರಲ್ಲಿ ಇರುವ ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಬೇಕು. ಬೆಂಗಳೂರಿಗೆ ಎ380 ಬಂದದ್ದರಿಂದ ದುಬೈ ಸೀಟುಗಳು ಒಟ್ಟಾರೆ ಹೆಚ್ಚಿ ದರ ಇಳಿಯಬೇಕಿತ್ತಲ್ಲ ಎಂದು ಕೇಳುವವರಿದ್ದಾರೆ. ಭಾರತ ಮತ್ತು ದುಬೈ ನಡುವಿನ ಒಪ್ಪಂದ ಎಣಿಸುವುದು ವಿಮಾನಗಳನ್ನಲ್ಲ, ವಾರದ ಸೀಟುಗಳನ್ನು. ಒಂದೊಂದು ಕಡೆಯ ಕಂಪನಿಗಳಿಗೆ ವಾರಕ್ಕೆ ಸುಮಾರು 66,000 ಸೀಟು. ಹೆಚ್ಚಿಸಿ ಎಂದು ದುಬೈ ಬಹಳ ಕಾಲದಿಂದ ಕೇಳುತ್ತಿದೆ. ಭಾರತ ತನ್ನದೇ ಕಂಪನಿಗಳು ದೂರದ ನೇರ ಸೇವೆ ಬೆಳೆಸಲಿ ಎಂದು ಬಿಗಿ ಹಿಡಿದಿದೆ. ಹೀಗಾಗಿ ಬೆಂಗಳೂರಿಗೆ ದೊಡ್ಡ ವಿಮಾನ ಹಾಕಿದರೆ ಆ ಹೆಚ್ಚುವರಿ ಸೀಟುಗಳೂ ಅದೇ ಒಟ್ಟು ಪಾಲಿನಿಂದ ಬರಬೇಕು. ನಾಲ್ಕು ಗಂಟೆಯೊಳಗಿನ ಈ ದಾರಿಗೆ 15,000 ಕಿಲೋಮೀಟರ್ ಹಾರಬಲ್ಲ ವಿಮಾನ ಯಾಕೆ ಎಂದರೆ, ಇಲ್ಲಿಂದ ಹತ್ತಿದ ಬಹಳ ಜನ ದುಬೈನಲ್ಲಿ ಇಳಿದು ಲಂಡನ್, ನ್ಯೂಯಾರ್ಕ್‌ನ ಎ380 ಹತ್ತುತ್ತಾರೆ. ಅಲ್ಲಿನ ಸೀಟು ತುಂಬಿಸಲು ಇಲ್ಲಿಂದಲೇ ಜನ ಹೋಗಬೇಕು.

ಇನ್ನೆಷ್ಟು ಕಾಲ

2030ರ ದಶಕದುದ್ದಕ್ಕೂ ಹಾರಿಸುವುದಾಗಿ ಎಮಿರೇಟ್ಸ್ ಹೇಳಿದೆ. ಉಳಿದವರು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂಬುದು 777-9 ಯಾವಾಗ ಬರುತ್ತದೆ ಎಂಬುದನ್ನು ಅವಲಂಬಿಸಿದೆ. 426 ಸೀಟಿನ ಆ ವಿಮಾನದ ರೆಕ್ಕೆ ಗಾಳಿಯಲ್ಲಿ ಸುಮಾರು 72 ಮೀಟರ್ ಉದ್ದ. ನೆಲಕ್ಕೆ ಇಳಿದ ಮೇಲೆ ತುದಿ ಮಡಚಿಕೊಂಡು 65 ಮೀಟರ್ ಒಳಗೆ ಬರುತ್ತದೆ, ಈಗಿನ 777 ನಿಲ್ಲುವ ಗೇಟಿನಲ್ಲೇ ನಿಲ್ಲುತ್ತದೆ. ಎ380ರ ರೆಕ್ಕೆಯನ್ನು ಗಿಡ್ಡವಾಗಿಸಿದ ಅದೇ ಇಕ್ಕಟ್ಟಿಗೆ ಸಿಕ್ಕ ಬೇರೆ ಉತ್ತರ ಇದು.

ಅಲ್ಲಿಯವರೆಗೆ ನಿರ್ಣಾಯಕವಾಗುವುದು ಬಿಡಿಭಾಗ. ಹೊಸ ವಿಮಾನ ಇಲ್ಲದ ಕಡೆ ಹೊಸ ಬಿಡಿಭಾಗ ಮಾಡುವವರಿಗೂ ಆಸಕ್ತಿ ಕುಗ್ಗುತ್ತದೆ. ಬೆಲೆ ಏರುತ್ತದೆ, ಕಾಯುವ ಕಾಲ ಹೆಚ್ಚುತ್ತದೆ. ಆಗ ನಿಂತ ವಿಮಾನವೇ ಹಾರುವ ವಿಮಾನದ ಉಗ್ರಾಣ. 2008ರ ಜುಲೈನಲ್ಲಿ ಎಮಿರೇಟ್ಸ್‌ಗೆ ಬಂದ ಮೊಟ್ಟಮೊದಲ ಎ380ರ ನೋಂದಣಿ ಎ6-ಇಡಿಎ. ಅದನ್ನು ಬಿಚ್ಚುವ ಒಪ್ಪಂದಕ್ಕೆ ಎಮಿರೇಟ್ಸ್ 2021ರ ನವೆಂಬರ್‌ನಲ್ಲಿ ಸಹಿ ಹಾಕಿತು, ಕೊನೆಯ ಎ380 ಅದರ ಕೈಸೇರುವುದಕ್ಕೆ ಒಂದು ತಿಂಗಳು ಮೊದಲು.